ಗಿಣಿಮೂಗಿನ ಉಗುರು

ಮಗಳೇ, ನೀನು ಕೇಳಿದ್ದು ಸಣ್ಣ ಪ್ರಶ್ನೆ. ನಿಮ್ಮ ಶಾಲೆಯ ಆಟದ ಕೋಣೆಯಲ್ಲಿ ಪುಸ್ತಕಗಳಿಗೆಂದು ಒಂದು ಕಪಾಟು ಇಡುತ್ತಾರಂತೆ. ಬೇಸ್‌ಬಾಲ್ ತಂಡದ ಹುಡುಗಿಯರೆಲ್ಲ ಆಟದ ಚರಿತ್ರೆಯ ಬಗ್ಗೆ, ಹಳೆಯ ದೊಡ್ಡ ಆಟಗಾರರ ಬಗ್ಗೆ, ತಾವು ಓದಿ ಮೆಚ್ಚಿದ ಪುಸ್ತಕಗಳನ್ನು ಸೂಚಿಸಬೇಕು ಎಂದು ಪಿ.ಟಿ. ಮೇಷ್ಟ್ರು ಹೇಳಿದ್ದಾರಂತೆ. "ಅಜ್ಜಿ, ನಾನು ಓದಿ ಹೇಳಿದ್ರಲ್ಲಿ ನಿಂಗೆ ಯಾವ್ದು ಇಷ್ಟ ಆಯ್ತು?" ಎಂದು ನೀನು ಕೇಳಿದೆ. ನಾನು ಹೇಳುತ್ತೇನೆ ಎಂದೆನೇ ಹೊರತು ಹೇಳಲಿಲ್ಲ.

ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಾತು ಕೇಳಿಸಿಕೊಳ್ಳುವವಳು ನಾನು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದೇ ದಾರಿ. ನೀನೂ ಓದು, ನಿನ್ನ ತಮ್ಮನಿಗೂ ಕೊಡು.

ಬೇಸ್‌ಬಾಲನ್ನು ನಾನು ಕಣ್ಣಾರೆ ನೋಡಿದ್ದು ಒಂದೇ ಸಲ, ನಿಮ್ಮ ಶಾಲೆಯ ಬೇಲಿಯ ಹೊರಗೆ ನಿಂತು. ಮೊದಲು ಯಾರೋ ಸ್ಟಂಪು ನೆಡುವುದನ್ನು ಮರೆತಿದ್ದಾರೆ ಎಂದುಕೊಂಡೆ. ಪಕ್ಕದಲ್ಲಿದ್ದ ಎಳನೀರಿನವನು, "ಇದು ಲಗೋರಿಗೂ ಕ್ರಿಕೆಟ್ಗೂ ಉಟ್ಟಿದ್ದು ಕಣಮ್ಮ" ಎಂದ. ಅಷ್ಟರಲ್ಲಿ ನೀನು ಹೊಡೆದು ಓಡಿದೆ. ಒಂದೊಂದು ಮೂಲೆಯನ್ನೂ ಮುಟ್ಟಿಕೊಂಡು, ಕೊನೆಗೆ ಹೊರಟ ಜಾಗಕ್ಕೇ ಬಂದು ನೆಲದ ಮೇಲೆ ಜಾರಿ ಕೈ ಚಾಚಿದೆ. ಮೊಣಕೈ ತರಚಿ ರಕ್ತ ಬಂತು, ನೀನು ನಗುತ್ತಿದ್ದೆ. ನಿಮ್ಮ ತಾತ ಇದನ್ನು ನೋಡಬೇಕಿತ್ತು ಎಂದು ನನಗೆ ಅನಿಸಿತು. ಯಾಕೆ ಹಾಗೆ ಅನಿಸಿತು ಎಂಬುದೇ ಈಗ ಬರೆಯುತ್ತಿರುವ ವಿಷಯ.

ಮೊದಲು ಪುಸ್ತಕಗಳ ಮಾತು ಮುಗಿಸುತ್ತೇನೆ. ಗುತ್ತಲಿನ ಈ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ನಾನು ಸೊಪ್ಪು ಬಿಡಿಸುತ್ತಾ ಕೂರುವುದು, ನೀನು ಮೇಷ್ಟ್ರು ಕೊಟ್ಟ ಇಂಗ್ಲಿಷ್ ಪುಸ್ತಕ ಹಿಡಿದು ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳುವುದು. ಕಷ್ಟ ಬಂದರೆ, "ಇಲ್ಲೇನೋ ಬರೀ ಸ್ಕೋರು ಅಜ್ಜಿ, ಬಿಡು" ಎಂದು ಹಾರಿಸುತ್ತಿದ್ದೆ. ಹಾರಿಸಿದ್ದರಿಂದ ನನಗೇನೂ ನಷ್ಟವಾಗಲಿಲ್ಲ. ಆಟದ ಪುಸ್ತಕದಲ್ಲಿ ನನಗೆ ಬೇಕಾದದ್ದು ಸ್ಕೋರಲ್ಲ.

ನಿಮ್ಮ ಕಪಾಟಿನಲ್ಲಿ ಮೊದಲು ಇಡಬೇಕಾದ್ದು ಕಪ್ಪು ಆಟಗಾರರ ಪುಸ್ತಕ. ಮೈಬಣ್ಣದ ಕಾರಣಕ್ಕೆ ಅವರನ್ನು ದೊಡ್ಡ ಪಂದ್ಯಗಳಿಗೆ ಸೇರಿಸಲಿಲ್ಲ. ಅವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿ ಆಡಿದರು. ಉಳಿಯಲು ರೂಮು ಸಿಗದೆ ಬಸ್ಸಿನಲ್ಲೇ ಮಲಗುತ್ತಿದ್ದರು. ಎಂಥೆಂಥ ಆಟ ಆಡಿದರೋ, ಬರೆದಿಡುವವರು ಕಡಿಮೆ. ಎಷ್ಟೋ ವರ್ಷಗಳಾದ ಮೇಲೆ ಕೆಲವರು ಮನೆ ಮನೆಗೆ ಹೋಗಿ, ಮುದುಕರಾದ ಆಟಗಾರರನ್ನು ಕೇಳಿ, ಹೋದವರ ಹೆಂಡತಿ ಮಕ್ಕಳನ್ನು ಕೇಳಿ, ಹಳೆಯ ಪತ್ರಿಕೆಗಳನ್ನು ಹುಡುಕಿ, ಅವರ ಆಟವನ್ನು ಅವರಿಗೆ ತಿರುಗಿ ಕೊಟ್ಟರು. ಆ ಪುಟ ಓದುವಾಗ ನೀನು, "ಹೆಂಡ್ತೀರನ್ನೂ ಕೇಳಿದ್ರಂತೆ ಅಜ್ಜಿ" ಎಂದೆ. ಕೇಳಿದ್ದು ದೊಡ್ಡದಲ್ಲ ಮಗಳೇ, ನಂಬಿದ್ದು ದೊಡ್ಡದು.

ಎರಡನೆಯದು ನೀನು ಓದುತ್ತಾ ಅತ್ತ ಪುಸ್ತಕ. ಗೆಲ್ಲಬೇಕಾದ ತಂಡದವರು ಜೂಜುಕೋರರ ಮಾತು ಕೇಳಿ ಬೇಕೆಂದೇ ಸೋತ ಕಥೆ. ಅದನ್ನೂ ಇಡು. ಬರೆದವರು ಯಾರನ್ನೂ ಬೈದಿಲ್ಲ, ಒಬ್ಬೊಬ್ಬರ ಮನೆಯೊಳಗಿನ ಸ್ಥಿತಿಯನ್ನೂ ಹೇಳಿದ್ದಾರೆ. ಓದಿ ಮುಗಿಸಿದಾಗ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ. ಬಣ್ಣದ ಚಿತ್ರಗಳಿರುವ ದಪ್ಪ ಪುಸ್ತಕ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಅದರಲ್ಲಿ ಎಲ್ಲರೂ ವೀರರೇ. ಯಾರಿಗೂ ಹೊಟ್ಟೆನೋವು ಬರುವುದಿಲ್ಲ, ಯಾರೂ ಹೆದರುವುದಿಲ್ಲ. ಚಿಕ್ಕ ಮಕ್ಕಳು ಚಿತ್ರ ನೋಡಲಿ ಎಂದು ಬೇಕಾದರೆ ಇಡು.

ಮತ್ತೊಂದು ಪುಸ್ತಕದ ಒಂದು ಪುಟವನ್ನು ನೀನು ಓದುವಾಗ ನನ್ನ ಕೈಯಲ್ಲಿದ್ದ ದಂಟಿನ ಕಡ್ಡಿ ಹಾಗೇ ನಿಂತಿತು. ಹಿಂದಿನ ಕಾಲದಲ್ಲಿ ಅಲ್ಲಿನ ಕಾಲೇಜು ಹುಡುಗರು ಬೇಸಿಗೆ ರಜದಲ್ಲಿ ಬೇರೆ ಊರುಗಳಿಗೆ ಹೋಗಿ ದುಡ್ಡಿಗೆ ಆಡುತ್ತಿದ್ದರಂತೆ, ಕಾಲೇಜಿಗೆ ಗೊತ್ತಾಗಬಾರದೆಂದು ಸುಳ್ಳು ಹೆಸರಿನಲ್ಲಿ. "ಆಟ ಒಬ್ಬಂದು, ಹೆಸ್ರು ಇನ್ನೊಬ್ಬಂದು. ಎಂಥ ಫ್ರಾಡು ಅಲ್ವಾ ಅಜ್ಜಿ?" ಎಂದು ನೀನು ನಕ್ಕೆ. ನಾನು ನಗಲಿಲ್ಲ. ಯಾಕೆ ಎಂದು ನೀನು ಕೇಳಿದೆ. ಸೊಪ್ಪಿನಲ್ಲಿ ಹುಳ ಇದೆ ಎಂದು ನಾನಂದೆ.

ಆ ವಾರವೇ ನೀನು ಕೆಂಪು ರಟ್ಟಿನ ಪುಸ್ತಕವನ್ನು ನಮ್ಮ ಬೀರುವಿನಿಂದ ತೆಗೆದೆ. ನಮ್ಮ ಸೀಮೆಯ ಹಳೆಯ ಕಬಡ್ಡಿ ಆಟಗಾರರ ಮೇಲೆ ಮದ್ದೂರಿನ ಕಡೆಯ ಒಬ್ಬ ಉಪನ್ಯಾಸಕರು ಬರೆದದ್ದು. "ಇದನ್ನೂ ಕಪಾಟಿಗೆ ಕೊಡ್ತೀನಿ. ಇದ್ರಲ್ಲಿ ನಿಮ್ಮಣ್ಣ ಅವ್ರೆ, ಊರಿನ ತಾತ! ನಮ್ಮನೇಲೂ ಒಬ್ರು ಲೆಜೆಂಡು" ಎಂದು ಕುಣಿದೆ. ಆ ಪುಸ್ತಕವನ್ನು ಕೊಡಬೇಕೋ ಬೇಡವೋ ಎಂದು ಹೇಳುವ ಮೊದಲು ಅದರಲ್ಲಿರುವ ಒಂದು ಆಟ ಯಾರದು ಎಂದು ನಿನಗೆ ಗೊತ್ತಿರಬೇಕು.

ನನ್ನ ತವರು ಹೊಳಲಿನಿಂದ ಆಚೆಗೆ ಒಂದು ಸಣ್ಣ ಹಳ್ಳಿ. ನನ್ನ ಅಣ್ಣ ಆ ಊರಿನ ಕಬಡ್ಡಿ ತಂಡದ ಬೆನ್ನುಮೂಳೆ. ಇದು ಸುಳ್ಳಲ್ಲ. ಅವನು ಉಸಿರು ಹಿಡಿದು ಒಳಗೆ ನುಗ್ಗಿದರೆ ಎದುರಿನವರು ಕೋಳಿಮರಿಗಳ ಹಾಗೆ ಮೂಲೆ ಸೇರುತ್ತಿದ್ದರು. ಅವನ ಆಟ ಎಂದರೆ ನನಗೂ ಹೆಮ್ಮೆ. ಗದ್ದೆಯಿಂದ ಬರುವಾಗ ಹುಡುಗಿಯರು ನನ್ನನ್ನು ಅವನ ತಂಗಿ ಎಂದೇ ತೋರಿಸುತ್ತಿದ್ದರು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಮಳವಳ್ಳಿಯಲ್ಲಿ ದೊಡ್ಡ ಪಂದ್ಯ ಗೊತ್ತಾಯಿತು. ಒಂದೊಂದು ತಂಡದಲ್ಲೂ ಆಯಾ ಊರಿನವರೇ ಆಡಬೇಕು, ಹೊರಗಿನವರು ಸಿಕ್ಕಿಬಿದ್ದರೆ ತಂಡವನ್ನೇ ಹೊರಗಟ್ಟುತ್ತಾರೆ ಎಂಬುದು ಕಟ್ಟುಪಾಡು. ಪಂದ್ಯ ಇನ್ನೇನು ಬಂತು ಎನ್ನುವಾಗ ಅಣ್ಣ ಕಬ್ಬಿನ ಗದ್ದೆಯಲ್ಲಿ ಕಾಲಿಟ್ಟದ್ದು ಕಡಿದ ಕಬ್ಬಿನ ಕೂಳೆಯ ಮೇಲೆ. ಚೂಪಾದ ಕೂಳೆ ಬಲಗಾಲಿನ ಅಂಗಾಲಿಗೆ ನೆಟ್ಟು ಒಳಗೇ ಮುರಿಯಿತು. ಕಾಲು ಕುಂಬಳಕಾಯಿಯಾಯಿತು. ಅವ್ವ ಹರಳೆಣ್ಣೆ ಅರಿಶಿನ ಬಿಸಿ ಮಾಡಿ ಕಟ್ಟುತ್ತಿದ್ದಳು, ಅವನು ಜಗಲಿಯ ಕಂಬಕ್ಕೆ ಗುದ್ದುತ್ತಿದ್ದ.

ಆಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ, ಎಲ್ಲ ಊರಿನವರೂ ಮಾಡುತ್ತಿದ್ದರು. ಆಟಗಾರ ಕಾಯಿಲೆ ಬಿದ್ದರೆ ದೂರದ ಊರಿನಿಂದ ಒಬ್ಬನನ್ನು ಎರವಲು ತಂದು, ಕಾಯಿಲೆಯವನ ಹೆಸರಿನಲ್ಲೇ ಆಡಿಸುವುದು. ಮುಖದ ಗುರುತಿಲ್ಲದ ಕಡೆ ಅದು ನಡೆದುಹೋಗುತ್ತಿತ್ತು. ಹಾಗೆ ನಮ್ಮೂರಿನವರು ಮದ್ದೂರಿನ ಆಚೆ ಶಿವಪುರದ ಹತ್ತಿರದ ಒಂದು ಹಳ್ಳಿಯಿಂದ ಒಬ್ಬ ತೆಳ್ಳನೆಯ ಹುಡುಗನನ್ನು ಕರೆದು ತಂದರು. ಊರ ಯಜಮಾನರು ನಮ್ಮ ಜಗಲಿಯ ಮೇಲೆ ಅಣ್ಣನನ್ನೂ ಆ ಹುಡುಗನನ್ನೂ ಅಕ್ಕಪಕ್ಕ ಕೂರಿಸಿ ಆ ಪದ್ಧತಿಯ ಮಾತನ್ನು ಹೇಳಿದರು. ನಾನು ಬಾಗಿಲ ಹಿಂದೆ ಇದ್ದೆ.

"ನೋಡ್ರಲಾ, ಎಸ್ರು ತಕಂಡೋನು ಸಾಯೋಗಂಟ ಬಾಯ್ ಬುಡ್ಬಾರ್ದು. ಎಸ್ರು ಕೊಟ್ಟೋನು ಆ ಆಟದ್ ಮಾತು ಬಂದಾಗ ಅಲ್ಲಿ ಕುಂತಿರ್ಬಾರ್ದು, ಎದ್ದೋಗ್ಬೇಕು. ಇನ್ನೊಬ್ಬನ ಬೆವ್ರುನ ನಂದು ಅಂತ ನೆಕ್ಬಾರ್ದು. ಗೊತ್ತಾಯ್ತೇನ್ಲಾ?"

ಅಣ್ಣ ತಲೆಯಾಡಿಸಿದ. ಆ ಹುಡುಗ, "ಆಯ್ತು ಬುಡಿ" ಎಂದು ನೆಲ ನೋಡಿದ. ನಾಚಿಕೆಯಲ್ಲಿ ಅವನು ನನಗಿಂತ ಮೇಲು ಎಂದು ನನಗೆ ನಗು ಬಂತು. ಅವನೇ ನಿಮ್ಮ ತಾತ.

ಪಂದ್ಯದ ದಿನ ಕಬ್ಬಿನ ಲಾರಿಯಲ್ಲಿ ಗಂಡಸರೆಲ್ಲ ಮಳವಳ್ಳಿಗೆ ಹೋದರು. ಊರು ಖಾಲಿ. ಮಧ್ಯಾಹ್ನ ನಾನು ಮುದ್ದೆ, ಉಪ್ಪುಸಾರು ತಂದು ಜಗಲಿಯ ಮೇಲೆ ಅಣ್ಣನ ಮುಂದೆ ಇಟ್ಟೆ. ಅವನು ತಟ್ಟೆ ಮುಟ್ಟಲಿಲ್ಲ. "ನನ್ನ ಬುಟ್ಬುಟ್ಟು ಓದ್ರಲ್ಲವ್ವಾ" ಎಂದು ಮಗುವಿನ ಹಾಗೆ ಅತ್ತ. ನಾನು ಪಕ್ಕದಲ್ಲೇ ಕೂತಿದ್ದೆ. ಬಿಸಿಲು ಕಂಬದ ಬುಡದಿಂದ ಜಗಲಿಯ ಅಂಚಿಗೆ ಸರಿಯಿತು, ಅವನು ಅಲ್ಲೇ ಇದ್ದ. ಕೊನೆಗೆ ನಾನೇ ಮುದ್ದೆ ಮುರಿದು ಕೊಟ್ಟೆ. ಈ ಮಧ್ಯಾಹ್ನವನ್ನು ನೆನಪಿಟ್ಟುಕೊ ಮಗಳೇ.

ದೀಪ ಹಚ್ಚುವ ಹೊತ್ತಿಗೆ ಲಾರಿ ತಮಟೆ ಬಡಿದುಕೊಂಡು ಬಂತು. ಗೆದ್ದಿದ್ದರು. ಬಂದವರೆಲ್ಲ ಒಟ್ಟಿಗೆ ಹೇಳಿದ್ದನ್ನು ಸೇರಿಸಿಕೊಂಡರೆ ಹೀಗೆ: ಕೊನೆಯಲ್ಲಿ ನಮ್ಮ ಕಡೆ ಉಳಿದವನು ಈ ಹುಡುಗ ಒಬ್ಬನೇ. ಎದುರಿನಲ್ಲಿ ನಾಲ್ವರು. ಒಳಗೆ ಹೋದ ಕೂಡಲೇ ಒಬ್ಬ ಕಣಕಾಲು ಹಿಡಿದ, ಒಬ್ಬ ಸೊಂಟ ಕಟ್ಟಿದ, ಮಿಕ್ಕವರು ಬೆನ್ನ ಮೇಲೆ ಬಿದ್ದರು. ಅವನು ಉಸಿರು ಬಿಡಲಿಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತಲೇ ಅಷ್ಟೂ ಜನರನ್ನು ಎಳೆದುಕೊಂಡು ತೆವಳಿದ. ನಡುಗೆರೆಗೆ ಹಗ್ಗ ಬಿಗಿದಿದ್ದರು. ಬಲಗೈಯ ನಡುಬೆರಳು ಆ ಹಗ್ಗದ ಕೆಳಗೆ ಸಿಕ್ಕಿಕೊಂಡಿತು, ಹಿಂದಿನವರು ಎಳೆದರು, ಉಗುರು ಬುಡದಿಂದ ಕಿತ್ತು ಬಂತು. ಆದರೂ ಕೈ ತೆಗೆಯಲಿಲ್ಲ. ಹಿಡಿದವರೆಲ್ಲ ಔಟು. ಮೈಕಿನಲ್ಲಿ ಕೂಗಿದರು, ನನ್ನ ಅಣ್ಣನ ಹೆಸರನ್ನು.

ಜನ ಶೀಲ್ಡು ಹೊತ್ತು ಊರೊಳಗೆ ಹೋದರು. ಆ ಹುಡುಗ ಮಾತ್ರ ಲಾರಿಯ ಹಿಂದಿನಿಂದ ಇಳಿದು ನಮ್ಮ ಮನೆಯ ಬಚ್ಚಲ ಹತ್ತಿರ ನಿಂತ. ಅವ್ವ, "ನೀರಾಕವ್ವ ಆ ಕೈಗೆ" ಎಂದಳು. ನಾನು ಚೊಂಬಿನಿಂದ ನೀರು ಹಾಕಿದೆ. ಅವನು ಅಯ್ಯೋ ಎನ್ನಲಿಲ್ಲ. ಹಳೆಯ ಸೀರೆಯ ಅಂಚು ಹರಿದು ಬೆರಳಿಗೆ ಸುತ್ತಿದೆ. ಅಷ್ಟೇ ನಮ್ಮ ಪರಿಚಯ. ಮುಂದಿನ ವರ್ಷ ಅವರ ಮನೆಯವರು ಹೆಣ್ಣು ಕೇಳಲು ಬಂದಾಗ ಅಣ್ಣನೇ, "ಕೊಡವ್ವ, ಅಂತಾ ಉಡ್ಗ ಸಿಕ್ಕಲ್ಲ" ಎಂದ.

ಆ ಉಗುರು ಮತ್ತೆ ನೆಟ್ಟಗೆ ಬೆಳೆಯಲಿಲ್ಲ. ದಪ್ಪಗೆ, ಹಳದಿಯಾಗಿ, ಮುಂದಕ್ಕೆ ಬಾಗಿ ಬೆಳೆಯಿತು. ನೀನು ಚಿಕ್ಕವಳಿದ್ದಾಗ ಅದನ್ನು ಹಿಡಿದು ಗಿಣಿಮೂಗು ಎನ್ನುತ್ತಿದ್ದೆ. ತಾತ ಅದರಿಂದಲೇ ಕಡಲೆಕಾಯಿ ಸಿಪ್ಪೆ ಒಡೆದು ನಿನ್ನ ಬಾಯಿಗೆ ಕಾಳು ಹಾಕುತ್ತಿದ್ದರು. ಇದು ಹೇಗಾಯಿತು ತಾತ ಎಂದು ನೀನು ಕೇಳಿದಾಗ, "ಆಲೆಮನೇಲಿ ಗಾಣಕ್ಕೆ ಸಿಕ್ಕಾಕ್ಕಂಡಿತ್ತು ಮಗ" ಎಂದರು. ನಾನು ಅಲ್ಲೇ ಇದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಮೊಮ್ಮಗಳಿಗೂ ಸುಳ್ಳು ಹೇಳಿ ಕೊಟ್ಟ ಮಾತನ್ನು ಉಳಿಸಿಕೊಂಡರು.

ಒಂದು ಸಲ ನಾನೇ ಕೇಳಿದ್ದೆ, "ಯಾವತ್ತೂ ಬಾಯ್ ಬುಡ್ಬೇಕು ಅನ್ಸಕಿಲ್ವಾ?" ಎಂದು. ಅವರು ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. "ಬಾಯ್ ಬುಟ್ರೆ ನಿಮ್ಮೂರ್ ಮರ್ವಾದೆ ಓಯ್ತದೆ. ನಿಮ್ಮಣ್ಣ ನನ್ ಕಡೆ ನೋಡಿ ಎದ್ದೋಯ್ತನಲ್ಲ, ಅಷ್ಟು ಸಾಕು ಬುಡು" ಎಂದರು.

ಹೌದು, ಅಣ್ಣ ಎದ್ದು ಹೋಗುತ್ತಿದ್ದ. ಅದನ್ನು ನಾನು ಅವನ ಲೆಕ್ಕಕ್ಕೆ ಹಿಡಿಯಲೇಬೇಕು. ಹಬ್ಬ ಹರಿದಿನಗಳಲ್ಲಿ ಜಗಲಿಯ ಮೇಲೆ ಗಂಡಸರು ಹಳೆಯ ಪಂದ್ಯಗಳನ್ನು ಮಾತಾಡುವಾಗ ಯಾರಾದರೂ ಮಳವಳ್ಳಿ ಎಂದರೆ ಸಾಕು, ಅವನು ಪಂಚೆ ಕೊಡವಿ ಏಳುತ್ತಿದ್ದ. "ದನಕ್ಕೆ ನೀರ್ ತೋರುಸ್ಬೇಕು" ಎನ್ನುತ್ತಿದ್ದ. ಹೊಸ ಹುಡುಗರು ಇವನಿಗೆ ಎಂಥ ವಿನಯ ಎಂದುಕೊಳ್ಳುತ್ತಿದ್ದರು. ನಿಮ್ಮ ತಾತ ತಲೆ ತಗ್ಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರಿಬ್ಬರ ನಡುವೆ ಇದ್ದ ಆ ಮೌನ ನನಗೆ ಎಷ್ಟು ಇಷ್ಟವಾಗುತ್ತಿತ್ತು ಎಂದು ಈಗ ಬರೆಯುವುದಕ್ಕೇ ಕಷ್ಟ.

ನಿಮ್ಮ ತಾತ ಹೋದರು. ಅದರ ಮಾರನೆಯ ವರ್ಷ ತವರಿಗೆ ಹೋಗಿದ್ದೆ. ಜಗಲಿಯ ಮೇಲೆ ಹುಡುಗರು ಸೇರಿದ್ದರು, ಯಾರೋ ಮಳವಳ್ಳಿ ಎಂದರು. ನಾನು ಬಾಗಿಲ ಹಿಂದೆ ನಿಂತು ಅಣ್ಣ ಏಳುವುದನ್ನು ಕಾದೆ. ಅವನು ಏಳಲಿಲ್ಲ. ಕಾಲು ಚಾಚಿಕೊಂಡು ಕೂತೇ ಇದ್ದ. "ಆಗಿನ್ ಉಸ್ರು ಈಗಿನ್ ಐಕಳಿಗೆ ಎಲ್ಲೈತ್ಲಾ" ಎಂದ. ಅಷ್ಟೇ ಹೇಳಿದ್ದು. ತನ್ನ ಉಸಿರು ಎನ್ನಲಿಲ್ಲ, ನಿಮ್ಮ ತಾತನ ಉಸಿರು ಎಂದೂ ಎನ್ನಲಿಲ್ಲ. ವಯಸ್ಸಾಯಿತು, ಮಂಡಿನೋವು, ಏಳಲು ಆಗಲಿಲ್ಲವೇನೋ ಎಂದು ನಾನೇ ಅವನ ಪರವಾಗಿ ಕಾರಣ ಹುಡುಕಿದೆ.

ಆಮೇಲೆ ಆ ಉಪನ್ಯಾಸಕರು ನಮ್ಮ ಮನೆಗೆ ಬಂದರು. ತುಂಬ ಮರ್ಯಾದೆಯ ಮನುಷ್ಯ. ನಿಮ್ಮ ತಾತ ತಮ್ಮ ಊರಿಗೆ ಆಡಿದ ಆಟಗಳ ಬಗ್ಗೆ ಎರಡು ಸಾಲು ಬೇಕಿತ್ತಂತೆ. ನಾನು ಕಾಫಿ ಕೊಟ್ಟು ಒಳಗೆ ಹೋದೆ. ಅವರು ಹೊರಡಲು ಎದ್ದಾಗ ಏನಾಯಿತೋ ಗೊತ್ತಿಲ್ಲ, ಹೊರಗೆ ಬಂದು, "ಕೂತ್ಕೊಳಿ, ಇನ್ನೊಂದು ಐತೆ" ಎಂದೆ. ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು. ತಾತ ಇಲ್ಲ, ಶೀಲ್ಡು ಎಲ್ಲಿದೆಯೋ, ಪಂದ್ಯ ನಡೆಸಿದವರೂ ಇಲ್ಲ, ಇನ್ನು ಯಾರ ಮರ್ಯಾದೆ ಹೋಗಬೇಕು ಎನಿಸಿತು. ಕೂಳೆ ಚುಚ್ಚಿದ್ದು, ಎರವಲು ತಂದದ್ದು, ಕಾಲು ಸೊಂಟ ಹಿಡಿದದ್ದು, ಹಗ್ಗ, ಉಗುರು, ಎಲ್ಲ ಹೇಳಿದೆ. ಸೀರೆಯ ಅಂಚಿನ ಮಾತು ಬಂದಾಗ ಮಾತ್ರ ನಾಚಿಕೆಯಾಗಿ ನಿಲ್ಲಿಸಿದೆ. ಅವರ ಕಣ್ಣು ಒದ್ದೆಯಾಗಿತ್ತು. "ಇದು ಬರಲೇಬೇಕಾದ ವಿಷಯ ಅಮ್ಮ" ಎಂದರು. ಅವರು ಹೋದ ಮೇಲೆ ನನಗೆ ಊಟವೂ ಬೇಡವಾಯಿತು, ಅಷ್ಟು ಸಂತೋಷ.

ಪುಸ್ತಕ ಬಿಡುಗಡೆ ಮದ್ದೂರಿನ ಒಂದು ಛತ್ರದಲ್ಲಿ. ನಿಮ್ಮ ಅಪ್ಪ ಬಿಡುವಿಲ್ಲ ಎಂದದ್ದಕ್ಕೆ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಹೆಂಗಸರ ಸಾಲಿನಲ್ಲಿ ಗೋಡೆಯ ಕಡೆ ಕೂತೆ. ಒಬ್ಬರು ಪುಸ್ತಕ ತೆರೆದು, ಇದರ ಎಲ್ಲಕ್ಕಿಂತ ರೋಮಾಂಚನದ ಪುಟ ಎಂದು ಮೈಕಿನಲ್ಲಿ ಓದಿದರು. ಒಬ್ಬನೇ ಉಳಿದದ್ದು, ಎದುರಿಗೆ ನಾಲ್ವರು, ನಡುಗೆರೆಯ ಹಗ್ಗ. ಬಲಗೈಯ ನಡುಬೆರಳಿನ ಉಗುರು ಬುಡದಿಂದ ಕಿತ್ತು ಬಂದರೂ ಕೈ ತೆಗೆಯದ ಧೀರ. ಎಲ್ಲ ನಾನು ಹೇಳಿದ ಮಾತುಗಳೇ. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತು ಎಂದರೆ ಪಕ್ಕದ ಹೆಂಗಸಿಗೂ ಕೇಳಿಸುತ್ತದೇನೋ ಎಂದು ಸೆರಗು ಹೊದ್ದುಕೊಂಡೆ. ಆಮೇಲೆ ಹೆಸರು ಕೂಗಿದರು. ಮಳವಳ್ಳಿಯ ಮೈಕಿನಲ್ಲಿ ಕೂಗಿದ ಅದೇ ಹೆಸರನ್ನು.

ಮುಂದಿನ ಸಾಲಿನಿಂದ ಅಣ್ಣ ಎದ್ದ. ಹೊರಗೆ ಹೋಗಲಿಲ್ಲ, ವೇದಿಕೆಗೆ ಹೋದ. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರಿಗೂ ಕೈ ಮುಗಿದ. ನಾನು ಕೂತಲ್ಲಿಂದ ಆ ಕೈಗಳನ್ನೇ ನೋಡಿದೆ. ಹತ್ತು ಬೆರಳಿನ ಉಗುರುಗಳೂ ಕಡಲೆಬೇಳೆಯ ಹಾಗೆ ನುಣ್ಣಗಿದ್ದವು. ಇಷ್ಟು ಜನರಲ್ಲಿ ಯಾರೂ ಅವನ ಬೆರಳು ನೋಡಲಿಲ್ಲವಲ್ಲ ಮಗಳೇ.

ಊಟದ ಹೊತ್ತಿನಲ್ಲಿ ಕೈ ತೊಳೆಯುವ ಕಡೆ ಆ ಉಪನ್ಯಾಸಕರು ಸಿಕ್ಕಿದರು. ಅವರೇ ತಡವರಿಸಿದರು. "ಅಮ್ಮ, ಬೇಜಾರ್ ಮಾಡ್ಕೋಬೇಡಿ. ಬರೆಯೋಕ್ ಮುಂಚೆ ನಿಮ್ಮಣ್ಣನೋರ್ನ ಒಂದ್ಮಾತು ಕೇಳ್ದೆ. ತಂಗಿಗೆ ಗಂಡ ಹೋದ್ಮೇಲೆ ಹಿಂದಿಂದು ಮುಂದಿಂದು ಕಲಸ್ಕೊಂಡದೆ, ಪಾಪ, ಅವಳು ಅಂದಿದ್ಕೆ ಏನೂ ಅನ್ಬೇಡಿ ಅಂದ್ರು. ಅವ್ರೇ ಆಡಿದೋರು, ನೀವು ಪಂದ್ಯ ನೋಡಿಲ್ಲ ಅಂತ ನೀವೇ ಹೇಳಿದ್ರಿ..."

ನಾನು ಪಂದ್ಯ ನೋಡಿಲ್ಲ, ನಿಜ. ಆದರೆ ಪಂದ್ಯ ನಡೆಯುವಾಗ ಅಣ್ಣ ಎಲ್ಲಿದ್ದ ಎಂದು ನೋಡಿದ್ದೇನೆ. ಇಷ್ಟು ಸಣ್ಣ ಮಾತು ಆಗ ನನ್ನ ಬಾಯಿಗೆ ಬರಲಿಲ್ಲ. "ಆಯ್ತು ಸ್ವಾಮಿ" ಎಂದೆ.

ಅಣ್ಣನನ್ನು ಕೇಳಿದೆ. ಬಸ್ ಸ್ಟ್ಯಾಂಡಿಗೆ ಬಿಡಲು ಅವನೇ ನನ್ನ ಜೊತೆ ನಡೆದು ಬಂದ, ಹೆಗಲ ಮೇಲೆ ಶಾಲು ಇತ್ತು.

"ಅಣ್ಣಾ, ನಂಗೆ ಬುದ್ಧಿ ಕಲಸೈತಾ?"

ಅವನು ಶಾಲನ್ನು ಸರಿಮಾಡಿಕೊಂಡ. "ಮೈಕ್ನಲ್ಲಿ ಯಾರೆಸ್ರು ಕೂಗುದ್ರು? ನಂದು. ಅದ್ನೇ ಬರ್ದವ್ರೆ. ಅದ್ರಲ್ಲಿ ತಪ್ಪೇನೈತೆ ಕಣವ್ವ?"

"ಉಗ್ರು?"

"ನಿನ್ ಗಂಡ ಯಾವತ್ತಾದ್ರೂ ಬಾಯ್ ಬುಟ್ಟನಾ? ಅವ್ನಿಗೇ ಬ್ಯಾಡ್ದಿದ್ದು ನಿಂಗ್ಯಾಕವ್ವಾ? ಅವ್ನು ಓಗ್ಬುಟ್ಟ. ನಾನಿನ್ನೂ ಜೀವ್ದಲ್ಲಿವ್ನಿ. ಊರ್ನಾಗೆ ಒಂದ್ ನಾಕ್ ಜನ ನಮಸ್ಕಾರ ಅಂತಾರೆ, ಅನ್ಲಿ ಬುಡು."

ಬಸ್ಸು ಬಂತು. ಕಿಟಕಿಯಿಂದ ಹಣ್ಣಿನ ಬುಟ್ಟಿಯನ್ನು ನನ್ನ ತೊಡೆಯ ಮೇಲೆ ಇಟ್ಟ. "ಮೊಮ್ಮಕ್ಳಿಗೆ ಕೊಡು" ಎಂದ. ಆ ಸೇಬುಗಳನ್ನು ನೀವು ತಿಂದಿರಿ. ನಾನು ಒಂದನ್ನೂ ಮುಟ್ಟಲಿಲ್ಲ ಎಂದು ಯಾರೂ ಗಮನಿಸಲಿಲ್ಲ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನನಗೆ ಬೈಯುವುದಕ್ಕಾದರೂ ಒಂದು ಮಾತು ಸಿಗುತ್ತಿತ್ತು. ಅವನು ನನ್ನನ್ನು ಹೆಗಲ ಮೇಲೆ ಹೊತ್ತು ಕಾಲುವೆ ದಾಟಿಸಿದವನು. ನನ್ನ ಮಾತನ್ನು ಸುಳ್ಳು ಎಂದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ನನ್ನ ದುಃಖವನ್ನೇ ತೆಗೆದುಕೊಂಡು ಅದರಿಂದಲೇ ನನ್ನ ಬಾಯಿ ಮುಚ್ಚಿದ. ನಾನು ಕೊಟ್ಟ ಉಗುರನ್ನು ತನ್ನ ಬೆರಳಿಗೆ ಇಟ್ಟುಕೊಂಡ.

ಈಗ ಕೊನೆಯದು. ಇದನ್ನು ನೀನೇ ನೋಡಿದ್ದೀಯ, ಅರ್ಥವಾಗಿರಲಿಲ್ಲ ಅಷ್ಟೇ. ಗೌರಿ ಹಬ್ಬಕ್ಕೆ ಅಣ್ಣ ಪ್ರತಿವರ್ಷ ಬರುತ್ತಾನೆ. ನಿಮ್ಮ ತಾತ ಹೋದ ಮೇಲೆ ಬಾಗಿನ ನಿಂತಿತು, ಸೀರೆ ನಿಲ್ಲಲಿಲ್ಲ. ಈ ಸಲವೂ ಸೀರೆ ತಂದ, ಒಬ್ಬಟ್ಟಿನ ಊಟ ಮಾಡಿದ, ಗೋಡೆಗೆ ಒರಗಿ ಕೂತು ನಿನ್ನನ್ನು ರೇಗಿಸಿದ.

"ಅದೇನವ್ವಾ ನಿನ್ನಾಟ, ಓಡಿ ಓಡಿ ಕೊನೀಗೆ ಒಂಟಿದ್ ಜಾಗಕ್ಕೇ ಬರೋದು? ಅಂಗಾದ್ರೆ ಓಡೋದ್ಯಾಕೆ, ಅಲ್ಲೇ ಕುಂತಿರ್ಬೋದಲ್ಲ?"

"ನಿಮ್ದೇನು ತಾತ, ನೀವೂ ಗೆರೆಗೇ ತಾನೆ ವಾಪಸ್ ಬರೋದು?" ಎಂದು ನೀನು ಬಿಡಲಿಲ್ಲ. ಎಲ್ಲರೂ ನಕ್ಕರು. ನೀನು ಒಳಗೆ ಓಡಿ ಕೆಂಪು ಪುಸ್ತಕ ತಂದೆ. ನಿಮ್ಮ ಕಪಾಟಿಗೆ ಕೊಡುವ ಮೊದಲು ಆಟಗಾರರ ಸಹಿ ಇದ್ದರೆ ಚೆನ್ನ ಎಂದು, ಆ ಪುಟವನ್ನೇ ತೆರೆದು, ಪೆನ್ನು ಕೊಟ್ಟೆ.

ನಾನು ಎಲೆಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಆ ಕ್ಷಣ ಅವನು, ಕನ್ನಡಕ ತಂದಿಲ್ಲ ಮಗ, ಕೈ ನಡುಗುತ್ತೆ ಮಗ, ಎಂದು ಏನಾದರೂ ಹೇಳಿ ಎದ್ದುಬಿಡಲಿ ಎಂದು ನಾನು ಬೇಡಿಕೊಂಡೆ. ನಿಜ ಹೇಳಬೇಕಾಗಿಯೂ ಇರಲಿಲ್ಲ. ಎದ್ದಿದ್ದರೆ ಸಾಕಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದು, ನಿಮ್ಮ ತಾತನ ಉಗುರಿನ ಮಾತಿದ್ದ ಆ ಸಾಲುಗಳ ಕೆಳಗೆ ತನ್ನ ಹೆಸರು ಬರೆದ. ದೊಡ್ಡದಾಗಿ, ಗೆರೆ ಎಳೆದು.

ಆಗ ನಾನು ಮಾತಾಡಿದೆ. ತಟ್ಟೆಯನ್ನು ಅವನ ಮುಂದೆ ಇಟ್ಟು ಕೇಳಿದೆ.

"ಅಣ್ಣಾ, ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿತ್ತಲ್ಲ, ಆ ಕಲೆ ಇನ್ನೂ ಐತಾ?"

ಚಾಚಿದ್ದ ಬಲಗಾಲನ್ನು ಅವನು ಮೆಲ್ಲಗೆ ಪಂಚೆಯೊಳಕ್ಕೆ ಎಳೆದುಕೊಂಡ. ನೀನು, "ಯಾವ ಕಲೆ ತಾತ? ಯಾವಾಗ ಆಗಿದ್ದು? ತೋರ್ಸಿ" ಎಂದು ಬಗ್ಗಿದೆ. ಅವನು ಎಲೆಗೆ ಸುಣ್ಣ ಹಚ್ಚಲಿಲ್ಲ, ಅಡಿಕೆ ಮುಟ್ಟಲಿಲ್ಲ.

"ಒತ್ತಾಯ್ತು. ದನಕ್ಕೆ ನೀರ್ ತೋರುಸ್ಬೇಕು, ಬತ್ತೀನಿ ಕಣವ್ವ" ಎಂದು ಪಂಚೆ ಕೊಡವಿ ಎದ್ದ. ಅವನ ಮನೆಯಲ್ಲಿ ಈಗ ದನಗಳೇ ಇಲ್ಲ.

ಅವನು ಹೋದ ಮೇಲೆ ನೀನು, ಯಾವ ಕಲೆ ಅಜ್ಜಿ ಎಂದು ನನ್ನ ಹಿಂದೆ ಬಿದ್ದೆ. ಇಷ್ಟು ಬರೆದದ್ದು ಅದಕ್ಕೆ ಉತ್ತರ. ಕೆಂಪು ಪುಸ್ತಕವನ್ನು ಕಪಾಟಿಗೆ ಕೊಡಬೇಡ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಬೇರೆ ಊರುಗಳ ಒಳ್ಳೆಯ ಆಟಗಾರರಿದ್ದಾರೆ, ಅವರು ಯಾವ ತಪ್ಪನ್ನೂ ಮಾಡಿಲ್ಲ. ಕಪ್ಪು ಆಟಗಾರರ ಪುಸ್ತಕದ ಪಕ್ಕದಲ್ಲಿ ಇಡು. ಯಾರಾದರೂ ತೆಗೆದು ಆ ಪುಟಕ್ಕೆ ಬಂದು ಈ ಸಹಿ ಯಾರದು ಎಂದು ಕೇಳಿದರೆ ನಮ್ಮ ಅಜ್ಜಿಯ ಅಣ್ಣನದು ಎನ್ನು. ಉಗುರು ಯಾರದು ಎಂದೂ ಹೇಳು. ನನಗೆ ಬಾರದ ಮಾತು ನಿನಗೆ ಬರುತ್ತದೆ.